ಫ್ರೇಸಲ್ ವರ್ಬ್ ಕಲಿಸುವ ಸಪ್ತಾಪುರದ ಇಂಗ್ಲಿಷ್ ತರಗತಿ: ಒಂದು ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳ ನಡುವೆಯೇ ಸ್ಪೋಕನ್ ಇಂಗ್ಲಿಷ್ ಕಲಿಸುವ ತರಗತಿಗಳೂ ಇವೆ. ಅವುಗಳಲ್ಲೊಂದಕ್ಕೆ ಸೇರಿ ನಾನು ಈಚೆಗೆ ಕೋರ್ಸ್ ಮುಗಿಸಿದೆ. ಅಲ್ಲಿ ಕಲಿಸುವ ಎಲ್ಲವನ್ನೂ ಇಲ್ಲಿ ಪರಿಶೀಲಿಸುವುದಿಲ್ಲ. ಕ್ರಿಯಾಪದಕ್ಕೆ ಅಪ್, ಆಫ್, ಡೌನ್, ಆಫ್ಟರ್‌ನಂಥ ಕಿರುಪದ ಸೇರಿ ಫ್ರೇಸಲ್ ವರ್ಬ್ ಆಗಿ, ಆಮೇಲೆ ಮೈ, ಯುವರ್, ಹಿಸ್, ಹರ್ ಬಂದು, ಕೊನೆಗೆ ನಾಮಪದ ನಿಲ್ಲುವ ರಚನೆಯನ್ನು ಅಲ್ಲಿ ಹೇಗೆ ಕಲಿಸುತ್ತಾರೆ ಎಂಬುದಷ್ಟನ್ನೇ ಬರೆಯುತ್ತೇನೆ. ‘ಟೇಕ್ ಆಫ್ ಯುವರ್ ಶೂಸ್’, ‘ಮೇಕ್ ಅಪ್ ಯುವರ್ ಮೈಂಡ್’, ‘ಲುಕ್ ಆಫ್ಟರ್ ಯುವರ್ ಮದರ್’ ಮುಂತಾದವು ದಿನಬಳಕೆಯ ಇಂಗ್ಲಿಷಿನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. ವ್ಯಾಕರಣವನ್ನು ಚೆನ್ನಾಗಿ ಓದಿಕೊಂಡವರೂ ಮಾತಿಗೆ ನಿಂತಾಗ ಎಡವುವುದು ಇಲ್ಲಿಯೇ ಆದ್ದರಿಂದ, ಒಂದು ತರಗತಿಯ ಗುಣವನ್ನು ಅಳೆಯಲು ಈ ಪಾಠ ಸಾಕು ಎಂದು ನನ್ನ ಅಭಿಪ್ರಾಯ.

ಬೆಳಗಿನ ತಂಡಕ್ಕೆ ಪಾಠ ಹೇಳುವ ಮೇಡಂ ಪಟ್ಟಿಯಿಂದ ಆರಂಭಿಸುವುದಿಲ್ಲ. ನಾವು ಮನೆಯಲ್ಲಿ ಆಡುವ ಮಾತಿನಿಂದ ಆರಂಭಿಸುತ್ತಾರೆ. ‘ಫ್ಯಾನ್ ಆಫ್ ಮಾಡ್ರಿ’, ‘ಲೈಟ್ ಆನ್ ಮಾಡು’ ಎಂದು ಎಲ್ಲರೂ ಹೇಳುತ್ತೇವೆ. ಇಂಗ್ಲಿಷಿನಿಂದ ಕಿರುಪದವನ್ನಷ್ಟೇ ಎತ್ತಿಕೊಂಡು, ಸ್ವಿಚ್, ಟರ್ನ್ ಎಂಬ ಕ್ರಿಯಾಪದಗಳನ್ನು ಅಲ್ಲಿಯೇ ಬಿಟ್ಟು, ಆ ಕೆಲಸವನ್ನು ನಮ್ಮ ‘ಮಾಡು’ವಿಗೆ ವಹಿಸಿದ್ದೇವೆ. ಕನ್ನಡದಲ್ಲಿ ಇದು ಸರಿಯಾಗಿಯೇ ಇದೆ. ಆದರೆ ಇಂಗ್ಲಿಷ್ ಮಾತನಾಡುವಾಗಲೂ ಆ ‘ಮಾಡು’ ಮರೆಯಾಗಿ ‘ಆಫ್ ದ ಮೊಬೈಲ್’ ಎಂಬ ವಾಕ್ಯ ಬಾಯಿಗೆ ಬರುತ್ತದೆ. ತಪ್ಪಿನ ಮೂಲವನ್ನು ಹೀಗೆ ತೋರಿಸಿದ ಮೇಲೆ ‘ಸ್ವಿಚ್ ಆಫ್ ಯುವರ್ ಮೊಬೈಲ್’ ಎಂಬುದನ್ನು ಕಂಠಪಾಠ ಮಾಡಬೇಕಾಗುವುದಿಲ್ಲ.

ಷಷ್ಠೀ ವಿಭಕ್ತಿಯ ಪದದ ವಿಷಯದಲ್ಲಿ ಅವರ ವಿವರಣೆ ಇನ್ನೂ ಆಳವಾಗಿದೆ. ‘ಸ್ವೆಟರ್ ಹಾಕ್ಕೊ’ ಎಂದು ಮಗನಿಗೆ ಹೇಳುವ ತಾಯಿ ‘ನಿನ್ನ’ ಎಂಬ ಪದವನ್ನು ಬಳಸುವುದಿಲ್ಲ, ಏಕೆಂದರೆ ಕ್ರಿಯೆಯ ಫಲ ಮಾಡುವವನಿಗೇ ಸಲ್ಲುತ್ತದೆ ಎಂಬ ಅರ್ಥವನ್ನು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೇ ಹೊತ್ತಿದೆ. ಇಂಗ್ಲಿಷಿನಲ್ಲಿ ಅಂಥ ಸಹಾಯಕ ಕ್ರಿಯಾಪದ ಇಲ್ಲದಿರುವುದರಿಂದ ಆ ಭಾರ ಯುವರ್, ಹಿಸ್, ಹರ್ ಎಂಬ ಪದಗಳ ಮೇಲೆ ಬೀಳುತ್ತದೆ: ‘ಪುಟ್ ಆನ್ ಯುವರ್ ಸ್ವೆಟರ್’. ನಮ್ಮವರು ‘ಪುಟ್ ಆನ್ ಸ್ವೆಟರ್’, ‘ಪಿಕ್ ಅಪ್ ಬ್ಯಾಗ್’ ಎಂದು ಮೊಟಕಾಗಿ ಹೇಳುವುದು ಅಜಾಗರೂಕತೆಯಿಂದಲ್ಲ, ಕನ್ನಡದ ವಾಕ್ಯವನ್ನು ಹಾಗೆಯೇ ಇಟ್ಟು ಪದಗಳನ್ನಷ್ಟೇ ಬದಲಿಸುವುದರಿಂದ. ‘ಕೊಳ್ಳು’ ಬಂದ ಕಡೆ ಇಂಗ್ಲಿಷಿನಲ್ಲಿ ಷಷ್ಠಿಯ ಪದ ಬೇಕೇ ಎಂದು ನೋಡಿಕೊಳ್ಳಬೇಕೆಂಬ ಈ ಸೂಚನೆ ಇಡೀ ಕೋರ್ಸಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿತು. ಇದರ ಇನ್ನೊಂದು ಮಗ್ಗುಲನ್ನೂ ಅವರು ಬಿಡಲಿಲ್ಲ. ‘ಹೀ ಪಿಕ್ಡ್ ಅಪ್ ಹಿಸ್ ಬ್ಯಾಗ್’ ಎಂಬ ವಾಕ್ಯದಲ್ಲಿ ಅವನು ಎತ್ತಿದ್ದು ತನ್ನ ಚೀಲವನ್ನೋ ಮತ್ತೊಬ್ಬನ ಚೀಲವನ್ನೋ ಎಂಬುದು ಪದಗಳಿಂದ ತಿಳಿಯದು, ಸಂದರ್ಭದಿಂದ ತಿಳಿಯಬೇಕು. ‘ತನ್ನ’, ‘ಅವನ’ ಎಂದು ಬೇರ್ಪಡಿಸಿ ಹೇಳುವ ಕನ್ನಡಕ್ಕೆ ಆ ತೊಡಕಿಲ್ಲ. ತಾಯ್ನುಡಿಯನ್ನು ಕಲಿಕೆಗೆ ಅಡ್ಡಿ ಎಂದು ತಳ್ಳಿಹಾಕುವ ತರಗತಿಗಳೇ ಹೆಚ್ಚಾಗಿರುವಾಗ, ಅದನ್ನೇ ಸಾಧನವಾಗಿ ಬಳಸುವ ಈ ಕ್ರಮವನ್ನು ಮನಸಾರೆ ಮೆಚ್ಚುತ್ತೇನೆ.

ಪದಗಳ ಸ್ಥಾನದ ಅಭ್ಯಾಸವನ್ನು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾಡಿಸುತ್ತಾರೆ. ‘ಟೇಕ್ ಆಫ್ ಯುವರ್ ಶೂಸ್’ ಎಂದೂ ಹೇಳಬಹುದು, ‘ಟೇಕ್ ಯುವರ್ ಶೂಸ್ ಆಫ್’ ಎಂದೂ ಹೇಳಬಹುದು. ಆದರೆ ನಾಮಪದದ ಬದಲು ಸರ್ವನಾಮ ಬಂದರೆ ‘ಟೇಕ್ ದೆಮ್ ಆಫ್’ ಒಂದೇ ದಾರಿ. ‘ಲುಕ್ ಆಫ್ಟರ್’ ಹಾಗೆ ಒಡೆಯುವುದಿಲ್ಲವಾದ್ದರಿಂದ ಸರ್ವನಾಮವೂ ಕೊನೆಗೇ ಬಂದು ‘ಲುಕ್ ಆಫ್ಟರ್ ಹರ್’ ಎಂದಾಗುತ್ತದೆ. ಒಬ್ಬರು ನಾಮಪದವಿಟ್ಟು ಕೇಳುವುದು, ಇನ್ನೊಬ್ಬರು ಸರ್ವನಾಮವಿಟ್ಟು ಉತ್ತರಿಸುವುದು: ಹೀಗೆ ಗಂಟೆಗಟ್ಟಲೆ ನಡೆಯುವ ಅಭ್ಯಾಸ ಮೊದಲು ಬೇಸರ ತರಿಸಿದರೂ ಬೇರೆ ಯಾವ ಬಗೆಯಿಂದಲೂ ಇದು ನಾಲಿಗೆಗೆ ಹತ್ತಲಾರದು. ನಾಮಪದದ ಭಾಗ ಉದ್ದವಾದಾಗ, ಉದಾಹರಣೆಗೆ ಅಣ್ಣ ತನ್ನ ಅಂಗಡಿಯಲ್ಲಿ ಕೊಡುವೆನೆಂದ ಕೆಲಸವನ್ನು ಒಬ್ಬಾತ ಬೇಡವೆಂದ ಎನ್ನುವಾಗ, ‘ಟರ್ನ್ಡ್ ಡೌನ್’ ಎಂಬ ಎರಡು ಪದಗಳನ್ನು ಅಗಲಿಸದೆ ಒಟ್ಟಿಗೆ ಇಡುವುದೇ ಹಿತವೆಂಬುದನ್ನೂ ಕಿವಿಗೊಟ್ಟು ಕೇಳಿಸಿ ತಿಳಿಸುತ್ತಾರೆ. ‘ದೇ ಮೇಡ್ ಅಪ್ ದೆರ್ ಮೈಂಡ್ಸ್’ ಎಂಬಲ್ಲಿ ಷಷ್ಠಿಯ ಪದದ ಜೊತೆಗೆ ನಾಮಪದವೂ ಬಹುವಚನಕ್ಕೆ ತಿರುಗುವುದನ್ನು ನಾನು ಬೇರೆ ಕಡೆ ಯಾರಿಂದಲೂ ಕೇಳಿರಲಿಲ್ಲ.

ಇದೇ ಸಂಸ್ಥೆಯ ಸಂಜೆಯ ತಂಡದ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಅದು ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆ ಬರೆಯುವವರಿಗಾಗಿ ಇರುವ ತಂಡ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗೆಂದು ಅಲ್ಲಿ ಫ್ರೇಸಲ್ ವರ್ಬ್‌ಗಳನ್ನು ಅಕಾರಾದಿಯಲ್ಲಿ ಜೋಡಿಸಿ, ಎದುರಿಗೆ ಒಂದೊಂದು ಅರ್ಥ ಬರೆದು, ಉರು ಹೊಡೆಸುತ್ತಾರೆ. ಯಾರ ಏನನ್ನು ಎಂಬುದೇ ಇಲ್ಲದ ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ಗೆಳೆಯರು ಪ್ರಶ್ನೆಪತ್ರಿಕೆಯಲ್ಲಿ ಸರಿಯುತ್ತರ ಗುರುತಿಸುತ್ತಾರೆ, ಆದರೆ ಸಂದರ್ಶನದಲ್ಲಿ ಒಂದು ವಾಕ್ಯ ಕಟ್ಟಲು ತಡವರಿಸುತ್ತಾರೆ. ಸಪ್ತಾಪುರದ ಕೋಣೆಗಳಲ್ಲಿ ಬಾಡಿಗೆ ಕೊಟ್ಟು, ಊರಿನಿಂದ ಬರುವ ಹಣವನ್ನು ಜೋಪಾನವಾಗಿ ಖರ್ಚು ಮಾಡುತ್ತ ಓದುವ ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಬೇಕು. ಬೆಳಿಗ್ಗೆ ಅದೇ ಕಟ್ಟಡದಲ್ಲಿ ಅದು ಸಿಗುತ್ತಿರುವಾಗ ಸಂಜೆಯವರಿಗೆ ಯಾಕೆ ಇಲ್ಲ ಎಂಬ ಪ್ರಶ್ನೆಯನ್ನು ನಾನು ಕಚೇರಿಯಲ್ಲೂ ಎತ್ತಿದ್ದೇನೆ.

ಮುದ್ರಿತ ನೋಟ್ಸ್ ಪರಿಷ್ಕರಣೆಯಾಗಬೇಕು. ಅದರಲ್ಲಿ ‘ಕೋಪ್ ಅಪ್ ವಿತ್ ಯುವರ್ ಸ್ಟಡೀಸ್’ ಎಂದು ಅಚ್ಚಾಗಿದೆ. ಆ ಕ್ರಿಯಾಪದಕ್ಕೆ ‘ಅಪ್’ ಬೇಡ, ‘ಕೋಪ್ ವಿತ್’ ಎಂದರೆ ಸಾಕು. ಕಾಲೇಜು ಮುಗಿಸಿದ್ದಕ್ಕೆ ‘ಪಾಸ್ಡ್ ಔಟ್’ ಎಂಬ ಭಾರತೀಯ ಬಳಕೆಯನ್ನು ಕೊಟ್ಟಿರುವುದಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಹೊರದೇಶದವರಿಗೆ ಅದು ಮೂರ್ಛೆ ಹೋದ ಅರ್ಥವನ್ನು ಕೊಡಬಹುದೆಂಬ ಒಂದು ಸಾಲು ಜೊತೆಗಿರಬೇಕಿತ್ತು. ‘ಲುಕ್ ಫಾರ್ವರ್ಡ್ ಟು’ ಎಂಬುದರ ಮುಂದೆ ‘ಯುವರ್ ರಿಪ್ಲೈ’ಯಂಥ ನಾಮಪದವಾಗಲಿ ‘ಮೀಟಿಂಗ್ ಯು’ ಎಂಬ ರೂಪವಾಗಲಿ ಬರಬೇಕು, ಬರಿಯ ‘ಮೀಟ್’ ಬರಬಾರದು ಎಂಬುದನ್ನು ಮಾತ್ರ ನೋಟ್ಸಿನಲ್ಲಿ ಸೊಗಸಾಗಿ ವಿವರಿಸಿದ್ದಾರೆ; ಅರ್ಜಿ, ಇಮೇಲ್ ಬರೆಯುವವರಿಗೆ ಆ ಪುಟ ಬಹಳ ಉಪಯುಕ್ತ.

ಕೊಠಡಿ ಚಿಕ್ಕದು, ಗಾಳಿ ಬೆಳಕು ಸಾಧಾರಣ. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು ಬೆಳಗಿನ ತಂಡವನ್ನು ಹಿಡಿಯಬಹುದು, ನಮ್ಮ ತಂಡದಲ್ಲಿ ಹಾಗೆ ಬರುವವರಿದ್ದರು. ಮಾತನಾಡಲು ಕಲಿಯಬೇಕೆನ್ನುವ ಉದ್ಯೋಗಸ್ಥರಿಗೂ ಗೃಹಿಣಿಯರಿಗೂ ಬೆಳಗಿನ ತಂಡಕ್ಕೆ ಸೇರಲು ಸಂಕೋಚವಿಲ್ಲದೆ ಹೇಳುತ್ತೇನೆ. ಪರೀಕ್ಷಾರ್ಥಿಗಳೂ ಸಮಯ ಹೊಂದುವುದಾದರೆ ಬೆಳಗಿನದನ್ನೇ ಕೇಳಿ ಪಡೆಯಲಿ. ಹಣ ಕಟ್ಟುವ ಮುನ್ನ ಒಂದು ಪಾಠಕ್ಕೆ ಕೂತು ನೋಡಲು ಕಚೇರಿಯವರು ಒಪ್ಪುತ್ತಾರೆ, ಕೇಳಿದರೆ ಮಾತ್ರ.