ಸ್ಮಾರ್ಟ್‌ಕೇನ್: ಮೊಣಕಾಲಿನಿಂದ ಮೇಲಕ್ಕೆ ಕಾಯುವ ಬೆತ್ತ

ಕಾಸರಗೋಡಿನ ಕುಂಬಳೆ–ಬದಿಯಡ್ಕ ರಸ್ತೆಯ ಬದಿಯಲ್ಲಿ ಮುರಕಲ್ಲು ತುಂಬಿದ ಲಾರಿಯೊಂದು ನಿಂತಿದೆ ಎಂದಿಟ್ಟುಕೊಳ್ಳಿ. ಕಣ್ಣು ಕಾಣದವರು ಬಿಳಿ ಬೆತ್ತ ಬೀಸುತ್ತ ಅದರ ಹಿಂದಿನಿಂದ ಬರುತ್ತಾರೆ. ಬೆತ್ತದ ತುದಿ ಲಾರಿಯ ಅಡಿಗೆ ನುಗ್ಗುತ್ತದೆ. ಅಲ್ಲಿ ತಡೆಯುವಂಥದ್ದು ಏನೂ ಇಲ್ಲ, ಚಕ್ರ ಇನ್ನೂ ಒಳಗಿದೆ. ದಾರಿ ಖಾಲಿ ಎಂದು ಇನ್ನೊಂದು ಹೆಜ್ಜೆ ಇಟ್ಟರೆ ಲಾರಿಯ ಹಿಂಬದಿಯ ಕಬ್ಬಿಣದ ಅಂಚು ಎದೆಗೋ ಹಣೆಗೋ ಬಡಿಯುತ್ತದೆ. ಬಿಳಿ ಬೆತ್ತ ಎಷ್ಟು ಚೆನ್ನಾಗಿ ಬೀಸಲು ಬಂದರೂ ಈ ಪೆಟ್ಟು ತಪ್ಪುವುದಿಲ್ಲ, ಏಕೆಂದರೆ ಬೆತ್ತ ಕಾಯುವುದು ನೆಲದಿಂದ ಮೊಣಕಾಲಿನವರೆಗೆ ಮಾತ್ರ.

ದೆಹಲಿಯ ಐಐಟಿಯಲ್ಲಿ ಪ್ರೊ. ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ ಸ್ಮಾರ್ಟ್‌ಕೇನ್ ಹುಟ್ಟಿದ್ದು ಈ ಕೊರತೆಯನ್ನು ತುಂಬಲಿಕ್ಕೆ. ಕಣ್ಣು ಕಾಣದವರಿಗಾಗಿ ಕೆಲಸ ಮಾಡುವ ಸಕ್ಷಮ್ ಟ್ರಸ್ಟ್‌ನ ಮೂಲಕ ಬಳಕೆದಾರರನ್ನೇ ಜತೆಗಿಟ್ಟುಕೊಂಡು ತಿದ್ದಿ ತಿದ್ದಿ, ಚೆನ್ನೈಯ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್‌ನಲ್ಲಿ ತಯಾರಿಸಿ 2014ರಲ್ಲಿ ಬಿಡುಗಡೆ ಮಾಡಿದರು. ಆಗಿನ ಬೆಲೆ ಸುಮಾರು 3,000 ರೂಪಾಯಿ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದ ಅಲ್ಟ್ರಾಕೇನ್ ಇದೇ ಜಾತಿಯದು. ಅದರಲ್ಲಿ ಎದುರಿನ ಅಡ್ಡಿಗೆ ಒಂದು, ತಲೆಮಟ್ಟದ ಅಡ್ಡಿಗೆ ಇನ್ನೊಂದು ಎಂದು ಎರಡು ಕಂಪಿಸುವ ಗುಂಡಿಗಳಿವೆ, ಆದರೆ ಬೆಲೆ ನೂರಾರು ಪೌಂಡ್. ಇವೆರಡರಲ್ಲಿ ನಮ್ಮ ಕಡೆಯ ಮನೆಗಳಿಗೆ ಎಟಕುವುದು ಸ್ಮಾರ್ಟ್‌ಕೇನ್.

ಇದು ಬೇರೆಯೇ ಒಂದು ಬೆತ್ತ ಅಲ್ಲ. ಮಡಚುವ ಬಿಳಿ ಬೆತ್ತದ ಮೇಲ್ತುದಿಗೆ ಸಿಕ್ಕಿಸುವ ಹಿಡಿ. ಒಳಗೆ ಅಲ್ಟ್ರಾಸಾನಿಕ್ ಸೆನ್ಸರ್, ಕಂಪಿಸುವ ಮೋಟಾರ್ ಮತ್ತು ರೀಚಾರ್ಜ್ ಆಗುವ ಬ್ಯಾಟರಿ. ಕಿವಿಗೆ ಕೇಳಿಸದ ಶಬ್ದ ಹೊರಟು ಅಡ್ಡಿಗೆ ತಾಗಿ ಹಿಂದಿರುಗಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. 3 ಮೀಟರ್ ಆಚೆಯ ಗೋಡೆಗೆ ಹೋಗಿ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಡ. ಅಡ್ಡಿ ಹತ್ತಿರವಾದಂತೆ ಅಂಗೈಯಲ್ಲಿ ಕಂಪನದ ಲಯ ಬದಲಾಗುತ್ತದೆ. ಬೀಪ್ ಸದ್ದಿನ ಬದಲು ಕಂಪನವನ್ನು ಆರಿಸಿದ್ದು ಸರಿಯಾದ ತೀರ್ಮಾನ. ಬಸ್ಸು, ಆಟೊ, ಹಿಂದೆ ಬರುವ ಸೈಕಲ್ ಎಲ್ಲ ಗೊತ್ತಾಗುವುದು ಕಿವಿಯಿಂದ, ಆ ಕಿವಿಯನ್ನು ಯಂತ್ರಕ್ಕೆ ಕೊಡಬಾರದು.

ವ್ಯಾಪ್ತಿ ಎರಡು: ತೆರೆದ ದಾರಿಗೆ 3 ಮೀಟರ್, ಮನೆಯೊಳಗೆ ಮತ್ತು ಜನಸಂದಣಿಯಲ್ಲಿ ಅದಕ್ಕಿಂತ ಕಡಿಮೆಯದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ 3 ಮೀಟರ್ ಇಟ್ಟುಕೊಂಡರೆ ಸುತ್ತಲಿನ ಜನರಿಂದಾಗಿ ಹಿಡಿ ಬಿಡುವಿಲ್ಲದೆ ನಡುಗುತ್ತದೆ. ಹತ್ತು ನಿಮಿಷದಲ್ಲಿ ಕೈ ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ, ನಿಜವಾದ ಅಡ್ಡಿ ಬಂದಾಗ ಆ ಕಂಪನವೂ ವ್ಯರ್ಥ. ಸಂದಣಿಗೆ ಬಂದ ಕೂಡಲೇ ಕಡಿಮೆ ವ್ಯಾಪ್ತಿಗೆ ಇಳಿಸಬೇಕು.

ಅಭ್ಯಾಸವನ್ನು ಮನೆಯಂಗಳದಲ್ಲೇ ಶುರು ಮಾಡಿ. ಗೋಡೆಯಿಂದ ನಾಲ್ಕು ಮೀಟರ್ ದೂರ ನೇರ ಎದುರು ನಿಂತು, ಸೆನ್ಸರಿನ ಮುಖ ಮುಂದಕ್ಕಿರುವಂತೆ ಹಿಡಿದು, ಒಂದೊಂದೇ ಹೆಜ್ಜೆ ಇಡಿ. ಲಯ ಬದಲಾದ ಕಡೆಯಲ್ಲೆಲ್ಲ ನಿಂತು, ಗೋಡೆಗೆ ಇನ್ನೆಷ್ಟು ಹೆಜ್ಜೆ ಉಳಿದಿದೆ ಎಂದು ನಡೆದೇ ಎಣಿಸಿ. ಎರಡು ದಿನ ಹೀಗೆ ಮಾಡಿದರೆ ಲಯವೇ ಹೆಜ್ಜೆಯ ಲೆಕ್ಕವಾಗುತ್ತದೆ. ಆಮೇಲೆ ತೆರೆದ ಬಾಗಿಲು. ಕಂಪನ ನಿಂತ ದಿಕ್ಕು ಬಾಗಿಲಿನದು, ಎರಡೂ ಕಡೆಯ ದಾರಂದದ ಹತ್ತಿರ ಮತ್ತೆ ಕಂಪಿಸುತ್ತದೆ. ಮೂರನೆಯದಾಗಿ ಹಲಸಿನ ಮರ. ನೆಲದಲ್ಲಿ ಬೆತ್ತ ಬುಡಕ್ಕೆ ತಾಗುವ ಮೊದಲೇ, ಎದೆಮಟ್ಟದಲ್ಲಿ ಜೋತ ಕಾಯಿ ಹಿಡಿಯನ್ನು ನಡುಗಿಸಬೇಕು. ನಡುಗಿಸದಿದ್ದರೆ ಹಿಡಿ ಕೈಯಲ್ಲಿ ಪಕ್ಕಕ್ಕೆ ತಿರುಗಿದೆ ಎಂದರ್ಥ. ಯಂತ್ರದಲ್ಲಿ ದೋಷವಿಲ್ಲದಿದ್ದರೂ ಈ ತಿರುಗುವಿಕೆಯಿಂದ ಪೆಟ್ಟು ಬೀಳಬಹುದು. ಮಣಿಕಟ್ಟು ಅರ್ಧ ಹೊರಳಿದರೆ ಸೆನ್ಸರ್ ಬೇಲಿಯನ್ನು ನೋಡುತ್ತಿರುತ್ತದೆ, ದಾರಿಯನ್ನಲ್ಲ.

ಈಗ ಸ್ಮಾರ್ಟ್‌ಕೇನ್‌ಗೆ ಕಾಣದ ಸಂಗತಿಗಳು, ನಮ್ಮ ಊರಿನ ಮಟ್ಟಿಗೆ ಬಹಳ ಮುಖ್ಯವಾದವು. ತಗ್ಗು ಇದಕ್ಕೆ ಗೊತ್ತಾಗುವುದಿಲ್ಲ. ರಸ್ತೆ ಬದಿಯ ಮುಚ್ಚಳವಿಲ್ಲದ ಚರಂಡಿ, ಅಡಿಕೆ ತೋಟದ ಕಣಿ, ತೋಡಿಗೆ ಹಾಕಿದ ಸಂಕದ ಅಂಚು, ಜಗಲಿಯ ಮೆಟ್ಟಿಲು: ಇವನ್ನೆಲ್ಲ ತಿಳಿಸುವುದು ಕೆಳಗಿನ ಬೆತ್ತದ ತುದಿಯೇ. ಸ್ಮಾರ್ಟ್‌ಕೇನ್ ಸಿಕ್ಕಿತೆಂದು ನೆಲ ತಡವುವುದನ್ನು ಕಡಿಮೆ ಮಾಡಿದವರು ಕಣಿಗೆ ಬೀಳುತ್ತಾರೆ. ಆದ್ದರಿಂದ ಮೊದಲು ಬಿಳಿ ಬೆತ್ತದ ಕ್ರಮ ಕಲಿಯಬೇಕು. ಎಡಗಾಲು ಮುಂದಿಡುವಾಗ ಬೆತ್ತ ಬಲಕ್ಕೆ, ಬಲಗಾಲಿಗೆ ಎಡಕ್ಕೆ, ಬೀಸು ಭುಜದ ಅಗಲಕ್ಕಿಂತ ತುಸು ಹೆಚ್ಚು. ಇದು ಬಾರದವರಿಗೆ ಸ್ಮಾರ್ಟ್‌ಕೇನ್ ಕೊಡಿಸುವುದು ಅಪಾಯ.

ಕರೆಂಟು ಕಂಬದ ಸ್ಟೇ ವಯರಿನಂಥ ತೆಳ್ಳಗಿನ ವಸ್ತುಗಳಿಂದ ಹಿಂದಿರುಗುವ ಶಬ್ದ ಕ್ಷೀಣ, ಆಗಾಗ ತಪ್ಪಿಹೋಗುತ್ತದೆ. ಒಣಗಲು ಹಾಕಿದ ಸೀರೆ, ಕಂಬಳಿಯಂಥವು ಶಬ್ದವನ್ನು ನುಂಗುತ್ತವೆ. ಗಾಜಿನ ಬಾಗಿಲಿಗೆ ಓರೆಯಾಗಿ ಬಂದರೆ ಶಬ್ದ ಕನ್ನಡಿಗೆ ಬಿದ್ದ ಬೆಳಕಿನಂತೆ ಬೇರೆ ಕಡೆ ಜಾರುತ್ತದೆ, ನೇರ ಎದುರಾದಾಗ ಮಾತ್ರ ತಿಳಿಯುತ್ತದೆ. ಜೂನ್, ಜುಲೈ ಮಳೆಯಲ್ಲಿ ಸೆನ್ಸರಿನ ಬಾಯಿಗೆ ನೀರಹನಿ ನಿಂತರೆ ದೂರದ ಲೆಕ್ಕ ತಪ್ಪುತ್ತದೆ. ಒಣಬಟ್ಟೆಯೊಂದು ಕಿಸೆಯಲ್ಲಿರಲಿ, ಆಗಾಗ ಒರೆಸಿಕೊಳ್ಳಿ. ಕೊಡೆಯ ಅಂಚು ಸೆನ್ಸರಿನ ಎದುರಿಗೆ ಇಳಿದರೆ ಅದೇ ಅಡ್ಡಿಯಾಗಿ ಕಾಣುವುದರಿಂದ ಕೊಡೆಯನ್ನು ತುಸು ಹಿಂದಕ್ಕೆ ವಾಲಿಸಿ ಹಿಡಿಯಬೇಕು. ಜೋರು ಮಳೆಯಲ್ಲಿ ಹಿಡಿಯನ್ನು ಬಿಚ್ಚಿ ಚೀಲಕ್ಕೆ ಹಾಕಿ, ಬರೀ ಬೆತ್ತದಲ್ಲಿ ನಡೆಯುವುದೇ ಲೇಸು.

ಬೆತ್ತ ಮುರಿದರೆ ಹಿಡಿಯನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಇದು ದೊಡ್ಡ ಅನುಕೂಲ. ಮುರಕಲ್ಲಿನ ದಾರಿಯಲ್ಲಿ ಬೆತ್ತದ ತುದಿ ಬೇಗ ಸವೆಯುತ್ತದೆ, ಒಂದೆರಡು ಹೆಚ್ಚಿನ ತುದಿ ಮೊದಲೇ ತರಿಸಿಟ್ಟುಕೊಳ್ಳಿ. ಹಿಡಿಯ ತೂಕ ಮಣಿಕಟ್ಟಿಗೆ ಬೀಳುವುದು ನಿಜ. ದುರ್ಬಲ ಕೈಯ ಹಿರಿಯರು ಕೊಳ್ಳುವ ಮೊದಲು ಅರ್ಧ ಗಂಟೆ ಬೀಸಿ ನೋಡಬೇಕು.

ಅದೇ ಐಐಟಿಯ ಪ್ರಯೋಗಾಲಯ ಬಸ್ಸಿನ ನಂಬರನ್ನು ಕೂಗಿ ಹೇಳುವ ಆನ್‌ಬೋರ್ಡ್ ಎಂಬ ಸಾಧನವನ್ನೂ ಮಾಡಿದೆ. ಪ್ರತಿ ಬಸ್ಸಿಗೂ ಅದರ ಜೋಡಿ ಯಂತ್ರ ಕೂರಿಸಬೇಕಾದ್ದರಿಂದ ಒಬ್ಬರೇ ಕೊಂಡು ಪ್ರಯೋಜನವಿಲ್ಲ. ಕಾಸರಗೋಡಿನಲ್ಲಿ ಬಸ್ಸು ಯಾವುದೆಂದು ಸದ್ಯಕ್ಕೆ ಕಂಡಕ್ಟರನ ಕೂಗಿನಿಂದಲೇ ತಿಳಿಯಬೇಕು. ಸ್ಮಾರ್ಟ್‌ಕೇನ್‌ಗೆ ಆ ತೊಡಕಿಲ್ಲ, ಕೊಂಡ ದಿನದಿಂದಲೇ ಒಬ್ಬರ ಕೈಯಲ್ಲಿ ಕೆಲಸ ಮಾಡುತ್ತದೆ. ಬೆತ್ತ ಚೆನ್ನಾಗಿ ಬೀಸಲು ಬಂದು, ಆದರೂ ಹಣೆಗೆ ಪೆಟ್ಟು ತಿನ್ನುತ್ತಿರುವವರು ಖಂಡಿತ ತರಿಸಿಕೊಳ್ಳಲಿ. ಮೊದಲ ಒಂದು ತಿಂಗಳು ಗೊತ್ತಿರುವ ದಾರಿಯಲ್ಲಿ ಮಾತ್ರ ಬಳಸಲಿ.