ಹಳೇ ಪ್ಲೇಟು ಪೆನ್‌ಡ್ರೈವಿಗೆ ಹಾಕಿಸುವ ಮುಂಚೆ ಇದನ್ನು ಓದಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಯಾರ ಮನೆಯ ಅಟ್ಟದಲ್ಲಾದರೂ ಗ್ರಾಮಫೋನ್ ಪ್ಲೇಟುಗಳಿದ್ದರೆ, "ತೊಳೆದು, ಪೆನ್‌ಡ್ರೈವಿಗೆ ಹಾಕಿ ಕೊಡ್ತೇವೆ" ಅಂತ ಬರುವವರ ಕೈಗೆ ದಯವಿಟ್ಟು ಕೊಡಬೇಡಿ. ಕೊಡಲೇಬೇಕು ಅಂತಿದ್ದರೆ ಇದನ್ನು ಓದಿ ಆಮೇಲೆ ಕೊಡಿ. ನಾವು ಕೊಟ್ಟು ಕೆಟ್ಟೆವು.

ಒಟ್ಟು 62 ಪ್ಲೇಟು. ನಿಮಿಷಕ್ಕೆ 78 ಸುತ್ತಿನ ಅರಗಿನವು 14, 45 ಸುತ್ತಿನ ಸಣ್ಣವು 31, ದೊಡ್ಡ ಎಲ್‌ಪಿ 17. ಒಂದಕ್ಕೆ 120 ರೂಪಾಯಿಯಂತೆ 7,440. ಮುಂಗಡ 4,000. ರಸೀದಿ ಇಲ್ಲ, ಪಟ್ಟಿ ಇಲ್ಲ, ಎಲ್ಲ ಬಾಯಿಮಾತು. ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಕಾರವಾರಕ್ಕೆ ಒಯ್ದರು. ಹದಿನೈದು ದಿನ ಅಂದವರು ಎರಡೂವರೆ ತಿಂಗಳು ಮಾಡಿದರು. ಅದೂ ಮಳೆಗಾಲದಲ್ಲಿ.

ಮೊದಲು ಬಂದದ್ದು ಪೆನ್‌ಡ್ರೈವ್. ಹಾಡು ಹಾಕಿದರೆ ಎಷ್ಟು ಸ್ವಚ್ಛ! ಮನೆಯವರೆಲ್ಲ ಖುಷಿಪಟ್ಟರು. ಆದರೆ ಒಂದು ಸಿನಿಮಾ ಹಾಡಿನಲ್ಲಿ ಮೂರನೇ ಚರಣ ಶುರುವಾಯಿತು. ನಮ್ಮ ಪ್ಲೇಟಿನಲ್ಲಿ ಮೂರನೇ ಚರಣವೇ ಇಲ್ಲ. ಹತ್ತು ಇಂಚಿನ 78ರ ಒಂದು ಬದಿಗೆ ಹಿಡಿಸುವುದು ಮೂರು, ಮೂರೂವರೆ ನಿಮಿಷ. ಅದಕ್ಕೇ ಎಷ್ಟೋ ಹಾಡುಗಳ ಒಂದು ಚರಣ ಸಿನಿಮಾದಲ್ಲಿ ಮಾತ್ರ ಇತ್ತು, ಪ್ಲೇಟಿಗೆ ಬರಲಿಲ್ಲ. ಹಾಗಾದರೆ ಆ ಚರಣ ಪೆನ್‌ಡ್ರೈವಿಗೆ ಎಲ್ಲಿಂದ ಬಂತು?

ಇನ್ನೊಂದು ಹಾಡಿಗೆ ಗೀರಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಗೀರು. 45ರ ಪ್ಲೇಟು ಒಂದು ಸುತ್ತು ತಿರುಗಲು 1.33 ಸೆಕೆಂಡು. ಗೀರಿದ್ದರೆ ಅಷ್ಟಷ್ಟು ಹೊತ್ತಿಗೆ ಸರಿಯಾಗಿ ಟಕ್, ಟಕ್ ಅನ್ನಲೇಬೇಕು. (ಎಲ್‌ಪಿಯಲ್ಲಿ 1.8 ಸೆಕೆಂಡು.) ಆ ಟಕ್ ಇಲ್ಲವೇ ಇಲ್ಲ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ (ಸದ್ದಿನ ಕೆಳಗಿನ, ಮೇಲಿನ ಸ್ವರಗಳನ್ನು ತೋರಿಸುವ ಚಿತ್ರ) ನೋಡಿದರೆ 16 ಕಿಲೋಹರ್ಟ್ಸ್ ಮೇಲೆ ಕತ್ತಿಯಲ್ಲಿ ಕೊಯ್ದಂತೆ ಖಾಲಿ. ಪ್ಲೇಟಿನ ಸರಸರ ಸದ್ದು ಹಾಗೆ ಒಂದು ಗೆರೆಗೆ ನಿಲ್ಲುವುದಿಲ್ಲ, ಮೇಲಿನವರೆಗೂ ಹರಡಿರುತ್ತದೆ. ಹಾಗೆ ಕೊಯ್ದಂತಿರುವುದು ಎಂಪಿ3 ಮಾಡಿ ಕುಗ್ಗಿಸಿದ ಹಾಡಿನ ಗುರುತು. ಟಕ್ಕೂ ಇಲ್ಲ, ಸರಸರವೂ ಇಲ್ಲ ಅಂದಮೇಲೆ ಇದು ಇಂಟರ್‌ನೆಟ್ಟಿನಿಂದ ಇಳಿಸಿದ ಹಾಡು! ನಮ್ಮ ಪ್ಲೇಟಿನ ಮೇಲೆ ಮುಳ್ಳನ್ನೇ ಇಟ್ಟಿಲ್ಲ. ಫೋನಿನಲ್ಲಿ ಸಿಗುವ ಹಾಡಿಗೆ ನಾವು 120 ರೂಪಾಯಿ ಕೊಟ್ಟೆವು.

ಕೇಳಿದರೆ ಉತ್ತರ: "ನೋಡಿ ಮಾರಾಯ್ರೇ, ಸಾಫ್ಟ್‌ವೇರ್ ಹಾಕಿ ಗೀರು ತೆಗೆದಿದ್ದೇವೆ, ಚಲೋ ಆಯ್ತಲ್ಲ?" ಸರಿ, ಗೀರು ತೆಗೆಯಬಹುದು. ಚರಣ ಸೇರಿಸುವ ಸಾಫ್ಟ್‌ವೇರ್ ಯಾವುದು? ಅದಕ್ಕೆ ಫೋನ್ ಇಟ್ಟರು.

ಆಮೇಲೆ ಪ್ಲೇಟುಗಳು ಬಂದವು. ಅರಗಿನ 14ರಲ್ಲಿ 6 ಹಾಳು. ಕನ್ನಡಿಯ ಹೊಳಪಿದ್ದವು ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಅಂಟು ಅಂಟು. ಬೂಷ್ಟು ತೆಗೆಯಲು ಸ್ಪಿರಿಟ್ಟಿನಲ್ಲಿ ಒರೆಸಿದ್ದಾರೆ. ಅಯ್ಯೋ, ಬಡಿಗರು ಕುರ್ಚಿಗೆ ಪಾಲಿಶ್ ಹೊಡೆಯಲು ಅರಗು ಕರಗಿಸುವುದೇ ಸ್ಪಿರಿಟ್ಟಿನಲ್ಲಿ! 78ರ ಪ್ಲೇಟು ಅಂದರೆ ಅರಗು ಮತ್ತು ಕಲ್ಲಿನ ಪುಡಿ. ಸ್ಪಿರಿಟ್ ತಾಗಿದರೆ ಗೆರೆಯ ಗೋಡೆಯೇ ಕರಗುತ್ತದೆ, ಮತ್ತೆ ಬರುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ, ಮೆತ್ತನೆ ಬ್ರಷ್ಷು, ಗೆರೆ ಹೋದ ದಿಕ್ಕಿಗೇ ಉಜ್ಜಿ, ಲೇಬಲ್ಲಿಗೆ ನೀರು ತಾಗಿಸದೆ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದ್ದರೆ ಸಾಕಿತ್ತು. "ಎಲ್ಲಾ ಪ್ಲೇಟೂ ಒಂದೇ ಅಲ್ವಾ?" ಅಂದರು. ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವವರ ಮಾತು ಇದು.

ಹೊಟ್ಟೆ ಉರಿದದ್ದು ಸಣ್ಣ ಪ್ಲೇಟುಗಳ ವಿಷಯಕ್ಕೆ. ಆ ಕಾಲದಲ್ಲಿ ಬುಧವಾರ ರಾತ್ರಿ 8ಕ್ಕೆ ರೇಡಿಯೋ ಸಿಲೋನಿನಲ್ಲಿ ಬರುತ್ತಿದ್ದ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾದಲ್ಲಿ ನಿರೂಪಕ ಅಮೀನ್ ಸಯಾನಿ ಯಾವ ಹಾಡನ್ನು ಎಷ್ಟನೇ ಪಾಯ್ದಾನಿಗೆ (ಮೆಟ್ಟಿಲಿಗೆ, ಅಂದರೆ ಸ್ಥಾನಕ್ಕೆ) ಏರಿಸಿದರೋ, ಆ ಅಂಕಿಯನ್ನು ಕವರಿನ ಬಲ ಮೂಲೆಯಲ್ಲಿ ನೀಲಿ ಶಾಯಿಯಿಂದ ಬರೆದು ಸುತ್ತು ಹಾಕುವುದು ಮನೆಯ ರೂಢಿಯಾಗಿತ್ತು. ಲೇಬಲ್ಲಿನ ಮೇಲೆ ಎರಡು ಇನಿಷಿಯಲ್. ಸುತ್ತಿನೊಳಗೆ 1 ಇದ್ದ ಕವರು ಒಂಬತ್ತು. ಒಂಬತ್ತೂ ಕವರು ಬಂದಿವೆ, ಹಾಡೂ ಅವೇ. ಒಳಗಿನ ಪ್ಲೇಟು ಮಾತ್ರ ನಮ್ಮದಲ್ಲ. ಗೆರೆಗಳು ಬೆಳ್ಳಗಾಗಿವೆ, ಭಾರದ ಮುಳ್ಳಿನಲ್ಲಿ ವರ್ಷಗಟ್ಟಲೆ ತಿರುಗಿ ಸವೆದ ಪ್ಲೇಟಿನ ಗುರುತು ಅದು. ಇನಿಷಿಯಲ್ ಇಲ್ಲ.

ಉತ್ತರ ಏನು ಗೊತ್ತೇ? "ಒರೆಸುವಾಗ ಶಾಯಿ ಹೋಯ್ತು." ಒಂಬತ್ತಕ್ಕೂ ಹೋಯಿತೇ? ಅದೂ ಒಂದನೇ ನಂಬರಿನ ಒಂಬತ್ತಕ್ಕೆ ಮಾತ್ರ? ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಇರುವ ಖಾಲಿ ಜಾಗದಲ್ಲಿ, ಪ್ಲೇಟು ಯಾವ ಅಚ್ಚಿನದು ಅಂತ ತಿಳಿಸುವ ಒಂದು ನಂಬರ್ ಒತ್ತಿರುತ್ತದೆ, ಅದು ಯಾವ ಸ್ಪಿರಿಟ್ಟಿಗೂ ಹೋಗುವುದಿಲ್ಲ. ನಮ್ಮಲ್ಲಿ ಒಂದೇ ಒಂದು ಪ್ಲೇಟಿನ ಹಳೇ ಫೋಟೋ ಇತ್ತು. ಹಿಗ್ಗಿಸಿ ನೋಡಿದರೆ ಕೊನೆಯ ಅಂಕಿಯೇ ಬೇರೆ. ಅದನ್ನು ಕಳಿಸಿದ ಮೇಲೆ ಉತ್ತರ: "ಹಿಟ್ ಹಾಡಿನ ಪ್ಲೇಟು ಸಾವಿರಗಟ್ಟಲೆ ಇದಾವೆ, ಅದಕ್ಕೆ ಬೆಲೆ ಇಲ್ಲ, ಯಾಕೆ ತಲೆ ಕೆಡಿಸ್ಕೊಳ್ತೀರಿ?" ನಂಬಬೇಡಿ. ಹಿಟ್ ಪ್ಲೇಟು ತುಂಬಾ ಒತ್ತಿದ್ದಾರೆ, ನಿಜ. ಅಷ್ಟೇ ತುಂಬಾ ತಿರುಗಿಸಿ ಸವೆಸಿಯೂ ಇದ್ದಾರೆ. ಗೀರಿಲ್ಲದ, ಹೊಳಪು ಹೋಗದ ಒಂದನೇ ನಂಬರಿನ ಪ್ಲೇಟಿಗೆ ಗಿರಾಕಿ ಇದ್ದೇ ಇದ್ದಾರೆ. ಅದಕ್ಕೇ ಅವೇ ಹೋದವು.

ಕೊಡುವ ಮುಂಚೆ ಎರಡೂ ಬದಿಯ ಲೇಬಲ್ ಮತ್ತು ಆ ಒತ್ತಿದ ನಂಬರಿನ ಫೋಟೋ ತೆಗೆಯಿರಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. 78ಕ್ಕೆ ಬೇರೆ ಮುಳ್ಳು ಇದೆಯಾ ಕೇಳಿ. ಎಲ್‌ಪಿಯ ಸಣ್ಣ ಮುಳ್ಳೇ ಸಾಕು ಅಂದರೆ ಅಲ್ಲಿಂದಲೇ ವಾಪಸ್ ಕಳಿಸಿ, ಅದು ಗೆರೆಯ ತಳದ ಧೂಳಿನಲ್ಲಿ ಓಡುತ್ತದೆ. ಒಂದು ಪ್ಲೇಟನ್ನು ನಿಮ್ಮೆದುರೇ ರೆಕಾರ್ಡ್ ಮಾಡಿ ತೋರಿಸಲಿ. ಪೂರ್ತಿ ಪೆಟ್ಟಿಗೆ ಒಮ್ಮೆಗೇ ಕೊಡಬೇಡಿ, ಐದೈದು ಕೊಡಿ.

ಬಾಕಿ 3,440 ನಾವು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅಂಕೋಲಾ, ಕಾರವಾರ, ಗೋವಾ ಕಡೆ ಯಾರಿಗಾದರೂ ಹಿಂದಿ ಹಾಡಿನ 45ರ ಪ್ಲೇಟು ಬರೀ ಬಿಳಿ ಕವರಿನಲ್ಲಿ ಮಾರಾಟಕ್ಕೆ ಬಂದರೆ, ಲೇಬಲ್ಲಿನಲ್ಲಿ ನೀಲಿ ಶಾಯಿಯ ಎರಡು ಅಕ್ಷರ ಇದೆಯಾ ನೋಡಿ, ತಿಳಿಸಿ. ಅದರ ಕವರು ನಮ್ಮ ಮನೆಯಲ್ಲಿದೆ.