ಮ್ಯಾಟ್ರಿಮೋನಿಲಿ 'ವರನ ಅಕ್ಕ' ಅಂತ ಬಂದವನು ಹಳೇ ಲವರ್ರು, ಹುಡುಗಿ ಮನೆಯವ್ರು ಹುಷಾರು

ಮನೇಲಿ ಹುಡುಗಿಗೆ ಸಂಬಂಧ ನೋಡ್ತಾ ಇರೋರು ಇದನ್ನ ಪೂರ್ತಿ ಓದಿ. ಆಗಿದ್ದು ನನ್ನ ಚಿಕ್ಕಮ್ಮನ ಮಗಳಿಗೆ, ಅವಳನ್ನ ಕೇಳೇ ಬರೀತಾ ಇದೀನಿ, ಹೆಸರು ಊರು ಹಾಕಲ್ಲ.

ಡಿಗ್ರಿ ಓದುವಾಗ ಒಬ್ಬನ್ನ ಇಷ್ಟಪಟ್ಟಿದ್ಳು, ಅವನ ಅನುಮಾನದ ಬುದ್ಧಿ ತಡೆಯೋಕಾಗದೆ ಬಿಟ್ಳು, ನಂಬರ್ ಚೇಂಜ್ ಮಾಡಿ ಎಲ್ಲಾ ಕಡೆ ಬ್ಲಾಕ್ ಮಾಡಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ಕೊಂಡ್ಳು. ಆಮೇಲೆ ಮನೇಲಿ ಗಂಡು ನೋಡೋಕೆ ಶುರು ಮಾಡಿ ಮ್ಯಾಟ್ರಿಮೋನಿಲಿ ಪ್ರೊಫೈಲ್ ಹಾಕಿದ್ರು. ಒಂದು ಸಂಬಂಧ ಬಂತು, ನಮ್ಮ ಜನಾನೇ, ಹುಡುಗ ಇಂಜಿನಿಯರ್, ಮಾತಾಡೋದೆಲ್ಲ ಅವನ ಅಕ್ಕ. ಚಿಕ್ಕಮ್ಮಂಗೆ ದಿನಾ ವಾಟ್ಸಾಪಲ್ಲಿ "ಅಮ್ಮ ನಮಸ್ಕಾರ, ಊಟ ಆಯ್ತಾ" ಅಂತ ಮೆಸೇಜು. ಕಾಲ್ ಮಾಡಿದ್ರೆ ಎತ್ತಲ್ಲ, ಮಗು ಮಲಗಿದೆ ಅಮ್ಮ ಮೆಸೇಜ್ ಮಾಡಿ ಅಂತಾಳೆ.

ನಮ್ ಕಡೆ ಬಯೋಡೇಟಾ ಅಂದ್ರೆ ಗೊತ್ತಲ್ಲ, ಹುಟ್ಟಿದ ದಿನ, ಟೈಮು, ಗೋತ್ರ, ಆಫೀಸಿನ ಹೆಸರು, ಸಂಬಳ, ಅಪ್ಪನ ನಂಬರ್ ಎಲ್ಲಾ ಒಂದೇ ಹಾಳೇಲಿ, ಜೊತೆಗೆ ಸೀರೆ ಉಟ್ಟಿರೋ ಫೋಟೋ ಬೇರೆ. ಎಲ್ಲಾ ಹೋಯ್ತು. ಆಮೇಲೆ ಪಿಜಿ ಯಾವ ಏರಿಯಾ, ಆಫೀಸಿಗೆ ಬಸ್ಸಾ ಮೆಟ್ರೋನಾ, ನಮ್ ತಮ್ಮನೂ ಆ ಕಡೇನೇ ಇರೋದು ಅಂತ. ಕೊನೆಗೆ "ಹಿಂದೆ ಲವ್ವು ಗಿವ್ವು ಏನಾದ್ರೂ ಇತ್ತಾ ಅಮ್ಮ, ಈಗಿನ ಕಾಲದಲ್ಲಿ ಕಾಮನ್ನು ಬಿಡಿ, ಈಗ್ಲೂ ಅವನ್ನ ನೆನಸ್ಕೋತಾಳಾ?" ಯಾವ ಗಂಡಿನ ಅಕ್ಕ ಹೀಗೆ ಕೇಳ್ತಾಳೆ ಹೇಳಿ.

ಸಿಕ್ಕಿಬಿದ್ದಿದ್ದು ಜಾತಕದಲ್ಲಿ. ಸಾಲಾವಳಿ ನೋಡೋಕೆ ಹೋದ್ರೆ ಜೋಯಿಸ್ರು ನಕ್ಕುಬಿಟ್ರಂತೆ, ರೋಹಿಣಿ ನಕ್ಷತ್ರ ಸಿಂಹ ರಾಶಿ ಅಂತ ಬರೆದಿದಾರೆ, ರೋಹಿಣಿ ನಾಲ್ಕೂ ಪಾದ ವೃಷಭದಲ್ಲೇ ಅಲ್ವೇನಮ್ಮ ಇರೋದು, ಇದನ್ನ ಯಾರು ಬರೆದ್ರು ಅಂತ. (ಜಾತಕ ನಂಬದೇ ಇರೋ ನಾನೂ ಅವತ್ತು ಜೋಯಿಸ್ರಿಗೆ ಕೈ ಮುಗಿದೆ.) ಹುಡುಗನ ಫೋಟೋನ ಗೂಗಲ್ ಲೆನ್ಸಲ್ಲಿ ಹಾಕಿದ್ರೆ ಬೇರೆ ಯಾರ್ದೋ ಇನ್‌ಸ್ಟಾಗ್ರಾಮ್ ಫೋಟೋ. ವಿಡಿಯೋ ಕಾಲ್ ಬನ್ನಿ ಅಂದ ತಕ್ಷಣ ಪ್ರೊಫೈಲೇ ಮಾಯ. ಅದೇ ವಾರ ಇವಳ ಪಿಜಿ ಹತ್ರ ಅವನೇ ಬಂದು ನಿಂತಿದಾನೆ, ಹಳೇ ಲವರ್ರು! "ನಿನ್ ಜಾತಕ ತಗೊಂಡು ಸಾಲಾವಳಿ ನೋಡಿಸ್ದೆ ಕಣೆ, ನಂದೂ ನಿಂದೂ ಚೆನ್ನಾಗಿ ಕೂಡುತ್ತೆ" ಅಂದನಂತೆ. ಅಕ್ಕನೂ ಅವನೇ, ತಮ್ಮನೂ ಅವನೇ.

ಇದಕ್ಕೆ ನಮ್ಮ ನೆಂಟ್ರಲ್ಲೇ ಒಬ್ರು "ಪಾಪ, ಎಷ್ಟು ಪ್ರೀತಿ ಇಟ್ಕೊಂಡಿದಾನೆ ನೋಡು" ಅಂದ್ರು. ಬೇಡ ಅಂದವಳ ಅಡ್ರೆಸ್ಸನ್ನ ಅವಳ ಅಮ್ಮನ ಕೈಲೇ ಹೇಳಿಸ್ಕೊಂಡು ಬಂದು ನಿಲ್ಲೋದು ಪ್ರೀತಿನಾ ಸ್ವಾಮಿ?

ಕಂಪ್ಲೇಂಟ್ ಕೊಡೋರಿಗೆ ಒಂದು ಮಾತು, ಸಿಟ್ಟಲ್ಲಿ ಚಾಟ್ ಡಿಲೀಟ್ ಮಾಡ್ಬೇಡಿ. ಪ್ರೊಫೈಲ್ ಐಡಿ, ನಂಬರ್, ಡೇಟ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ಇಟ್ಕೊಳಿ. ಸೈಬರ್ ಕ್ರೈಮ್ ಪೋರ್ಟಲಲ್ಲಿ ಹಾಕಬಹುದು, ಇಲ್ಲಾ ಸೀದಾ ಸೆನ್ ಠಾಣೆಗೆ (ಸೈಬರ್ ಕೇಸ್ ನೋಡೋ ಪೊಲೀಸ್ ಠಾಣೆ) ಹೋಗಿ. ಬೇರೆಯವರ ಹೆಸರಲ್ಲಿ ಆನ್‌ಲೈನ್ ಮೋಸ ಮಾಡೋದಕ್ಕೆ ಐಟಿ ಆಕ್ಟ್ 66ಡಿ ಇದೆ, 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಬೇಡ ಅಂದ್ರೂ ಹಿಂದೆ ಬೀಳೋದಕ್ಕೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 78 ಇದೆ. ಆ ಸೈಟಿಗೂ ಬರೆದ್ವಿ, 'ಪರಿಶೀಲಿಸ್ತೀವಿ' ಅಂತ ರಿಪ್ಲೈ ಬಂತು ಅಷ್ಟೇ. ಮ್ಯಾಟ್ರಿಮೋನಿ ಸೈಟ್‌ಗಳು ಐಡಿ ಪ್ರೂಫ್ ತಗೋಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಇಲ್ಲಿ ಅದನ್ನ ಯಾರು ನೋಡಿದ್ರೋ.

ಈಗ ಚಿಕ್ಕಮ್ಮನ ರೂಲ್ಸೇ ಬೇರೆ. ಬಯೋಡೇಟಾದಲ್ಲಿ ಆಫೀಸಿನ ಹೆಸರಿಲ್ಲ, ಏರಿಯಾ ಇಲ್ಲ, ಮೊದ್ಲು ಹುಡುಗ, ಅವರಪ್ಪ ಅಮ್ಮ ವಿಡಿಯೋ ಕಾಲಿಗೆ ಬರಬೇಕು, ಅವರೂರಲ್ಲಿ ನಮಗೆ ಗೊತ್ತಿರೋರು ಒಬ್ರು ವಿಚಾರಿಸ್ಬೇಕು, ಜಾತಕ ಆಮೇಲೆ. ಇದಕ್ಕೆ ಇಬ್ರು ಮುನಿಸ್ಕೊಂಡು ಹೋದ್ರು. ಹೋಗ್ಲಿ ಬಿಡಿ.